ಕೋರಾ ಬಟ್ಟೆ, ಮಜ್ಜಿಗೆ, ಫ್ರಾನ್ಸ್ ಹಾಲ್ಸ್: ಹಾರ್ಲೆಮ್‌ನ ಮ್ಯೂಸಿಯಂಗಳು ಹೇಗಿವೆ?

ಮೊದಲೇ ಹೇಳಿಬಿಡುತ್ತೇನೆ, ಸೋಮವಾರ ಹೋಗಬೇಡಿ. ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಊರಿನ ದೊಡ್ಡ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಫೋನಿನಲ್ಲಿ ನೋಡಿಕೊಂಡು ಹೋಗಿ ಅಂತ ಮಗ ಹೇಳಿದ್ದ. ನಲವತ್ತೊಂದು ವರ್ಷ ಅಂಗಡಿ ನಡೆಸಿದವನ ತಲೆಯಲ್ಲಿ ರಜೆ ಅಂದರೆ ಭಾನುವಾರ ಅಂತಲೇ ಕೂತಿರುತ್ತದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದೇ ಛತ್ರಿ ಹಿಡಿದು ನಾವಿಬ್ಬರೂ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆವು. ಮನೆಯವಳು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಇತ್ತು.

ನಮ್ಮದು ಕುಮಟಾ. ಅಪ್ಪನ ಕಾಲದ ಜವಳಿ ಅಂಗಡಿ, ಈಗ ಅಣ್ಣನ ಮಗ ನೋಡಿಕೊಳ್ಳುತ್ತಾನೆ. ನನ್ನ ಮಗ ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟೆಲ್‌ವೀನ್‌ನಲ್ಲಿದ್ದಾನೆ. ಎರಡು ತಿಂಗಳು ಅಲ್ಲಿ ಇದ್ದು ಬಂದೆವು. ಮೊದಲ ವಾರ ಆಮ್‌ಸ್ಟರ್‌ಡಾಮ್‌ನ ಒಂದು ದೊಡ್ಡ ಮ್ಯೂಸಿಯಂಗೆ ಕರೆದುಕೊಂಡು ಹೋದ. ಅಲ್ಲಿ ನಾನು ಕಂಡದ್ದು ಮುಂದೆ ನಿಂತವರ ತಲೆ, ತಲೆಯ ಮೇಲೆ ಫೋನು, ಫೋನಿನೊಳಗೆ ಸಣ್ಣದಾಗಿ ಚಿತ್ರ. ರಾತ್ರಿ ಊಟಕ್ಕೆ ಕೂತಾಗ ಸೊಸೆ ಹೇಳಿದಳು, "ಮಾವ, ನಿಮಗೆ ಹಾರ್ಲೆಮ್ ಸರಿ. ಅದು ಬಟ್ಟೆಯವರ ಊರು." ಆ ಒಂದು ಮಾತಿಗೆ ನಾನು ಹೊರಟೆ. ಆಮ್‌ಸ್ಟರ್‌ಡಾಮ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷವೂ ಬೇಡ. ಆ ದೇಶದ ಮೊದಲ ರೈಲು ಓಡಿದ್ದೂ ಇದೇ ದಾರಿಯಲ್ಲಿ, 1839ರಲ್ಲಿ.

ಒಟ್ಟು ನಾಲ್ಕು ದಿನ ಹೋದೆ. ಬರೀ ಹಳೇ ಚಿತ್ರ ನೋಡಿ ಒಂದು ಊರಿನ ಚರಿತ್ರೆ ತಿಳಿಯುತ್ತಾ ಅಂತ ಅಂಗಡಿ ಕಟ್ಟೆಯಲ್ಲಿ ಬಹಳ ಜನ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಚಿತ್ರಕಲೆ ಗೊತ್ತಿಲ್ಲ. ಬಟ್ಟೆ ಗೊತ್ತು.

ಸೋಮವಾರವೂ ಪೂರ್ತಿ ಹಾಳಾಗಲಿಲ್ಲ. ಊರ ನಡುವಿನ ಚೌಕದಲ್ಲಿ ಸೇಂಟ್ ಬಾವೊ ಇಗರ್ಜಿ ಇದೆ. ಅದು ಸೋಮವಾರ ತೆರೆದಿರುತ್ತದೆ, ಭಾನುವಾರ ಪ್ರವಾಸಿಗರಿಗೆ ಇಲ್ಲ. ನಾಲ್ಕೈದು ಮೈಲಿಯಿಂದಲೇ ಕಾಣುವಷ್ಟು ದೊಡ್ಡದು. ಇಷ್ಟು ದೊಡ್ಡ ಇಗರ್ಜಿಯ ಹೊರಗೋಡೆಗೆ ಅಂಟಿಕೊಂಡು ಗೂಡಂಗಡಿಯಂಥ ಪುಟ್ಟ ಪುಟ್ಟ ಮನೆಗಳಿವೆ. ಮೀನು ಮಾರುವವರಿಗೆಂದು ಕಟ್ಟಿದ್ದಂತೆ. ಪಕ್ಕದಲ್ಲೇ ಹಳೇ ಮೀನು ಮಾರ್ಕೆಟ್ ಕಟ್ಟಡ, ಈಗ ಅದರೊಳಗೆ ಚಿತ್ರ ಪ್ರದರ್ಶನ ನಡೆಯುತ್ತದೆ. ಇಗರ್ಜಿಯ ಗಂಟೆಗೂ ಮೀನಿನ ಗಲಾಟೆಗೂ ನಡುವೆ ಒಂದು ಗೋಡೆ ಅಷ್ಟೇ ಇತ್ತು. ಮನೆಯವಳು ಕಾರವಾರದವಳು. ಮೀನು ಮಾರ್ಕೆಟ್ ಅಂದರೆ ಕಿವಿ ನಿಮಿರುತ್ತದೆ. "ಇಲ್ಲಿ ಈಗ ಮೀನು ಎಲ್ಲಿ ಸಿಗ್ತದೆ?" ಅಂತ ಮೊದಲ ಪ್ರಶ್ನೆ. ಸಿಕ್ಕಿತು, ಅದನ್ನು ಆಮೇಲೆ ಹೇಳುತ್ತೇನೆ.

ಒಳಗೆ ಹೋದರೆ ಬಿಳಿ. ಗೋಡೆ ಬಿಳಿ, ಕಂಬ ಬಿಳಿ. ಮೂರ್ತಿ ಇಲ್ಲ, ಬಣ್ಣ ಇಲ್ಲ. ಮೊದಲು ಇದು ಕ್ಯಾಥೊಲಿಕ್ ಇಗರ್ಜಿ. 1578ರಲ್ಲಿ ಪ್ರಾಟೆಸ್ಟೆಂಟರ ಕೈಗೆ ಬಂತು. ಮೂರ್ತಿ, ಪೀಠ ಎಲ್ಲ ಹೋದವು, ಸುಣ್ಣ ಬಂತು. ಈ ಬಿಳಿಯನ್ನೇ ಚಿತ್ರ ಮಾಡಿದವನು ಪೀಟರ್ ಸಾನ್ರೆಡಾಮ್. ಒಂದೊಂದು ಕಂಬವನ್ನೂ ಅಳತೆ ಹಿಡಿದು, ದರ್ಜಿ ಕೋಟಿಗೆ ಅಳತೆ ತೆಗೆದ ಹಾಗೆ ಬರೆದುಕೊಂಡು, ಆಮೇಲೆ ಚಿತ್ರ ಮಾಡುತ್ತಿದ್ದ. ಅವನು 1665ರಲ್ಲಿ ತೀರಿಕೊಂಡ. ಮರುವರ್ಷ ಈ ಊರಿನ ದೊಡ್ಡ ಚಿತ್ರಗಾರ ಫ್ರಾನ್ಸ್ ಹಾಲ್ಸ್ ತೀರಿಕೊಂಡ. ಇಬ್ಬರನ್ನೂ ಈ ನೆಲದಲ್ಲೇ ಹೂಳಿದ್ದಾರೆ. ಹಾಲ್ಸ್‌ನ ಕಲ್ಲಿನ ಮೇಲೆ ನಾನು ತಿಳಿಯದೆ ನಿಂತುಬಿಟ್ಟಿದ್ದೆ. ಓದಿ ಸರಿದೆ. ನೆಲವೆಲ್ಲ ಸಮಾಧಿ ಕಲ್ಲೇ ಆದ್ದರಿಂದ ಎಲ್ಲಿ ಸರಿದರೂ ಇನ್ನೊಬ್ಬರ ಮೇಲೆ ನಿಂತ ಹಾಗೆ.

ಅಲ್ಲಿ ನಾಯಿ ಓಡಿಸುವವನ ಕೋಣೆ ಅಂತಲೂ ಒಂದಿದೆ. ಇಗರ್ಜಿಯೊಳಗೆ ನುಗ್ಗುವ ಬೀದಿ ನಾಯಿಗಳನ್ನು ಅಟ್ಟುವುದಕ್ಕೇ ಸಂಬಳದ ಆಳು ಇದ್ದನಂತೆ. ನಮ್ಮ ಬಸ್ ಸ್ಟ್ಯಾಂಡಿಗೆ ಒಬ್ಬ ಬೇಕಿತ್ತು. ದೊಡ್ಡ ಆರ್ಗನ್ ವಾದ್ಯ ಇದೆ, 1766ರಲ್ಲಿ ಹತ್ತು ವರ್ಷದ ಮೊಜಾರ್ಟ್ ಅದನ್ನು ನುಡಿಸಿದ್ದ. ಮೇಲಿನಿಂದ ಹಡಗಿನ ಮಾದರಿಗಳನ್ನು ತೂಗುಬಿಟ್ಟಿದ್ದಾರೆ. ಟಿಕೆಟ್ ದೊಡ್ಡದಲ್ಲ, ಹೋಗಿ.

ಮಂಗಳವಾರ ಫ್ರಾನ್ಸ್ ಹಾಲ್ಸ್ ಮ್ಯೂಸಿಯಂ. ಸ್ಟೇಷನ್‌ನಿಂದ ನಿಧಾನಕ್ಕೆ ನಡೆದರೆ ಇಪ್ಪತ್ತು ನಿಮಿಷ, ಊರ ಒಳಗಿನಿಂದಲೇ ದಾರಿ. ಟಿಕೆಟ್ ಒಬ್ಬರಿಗೆ ನಮ್ಮ ದುಡ್ಡಿನಲ್ಲಿ ಸಾವಿರ ರೂಪಾಯಿ ದಾಟುತ್ತದೆ. ಹದಿನೆಂಟರ ಒಳಗಿನ ಮಕ್ಕಳಿಗೆ ಪುಕ್ಕಟೆ. ಮಗನ ಹತ್ತಿರ ಮ್ಯೂಸಿಯಂ ಕಾರ್ಡ್ ಇದೆ. ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ ದೇಶದ ನಾನೂರಕ್ಕೂ ಹೆಚ್ಚು ಮ್ಯೂಸಿಯಂಗಳಿಗೆ ಹೋಗಬಹುದು. ಮಕ್ಕಳು ಅಲ್ಲೇ ಇರುವವರಾದರೆ ಈ ಕಾರ್ಡ್ ಮಾಡಿಸಿಕೊಳ್ಳಲಿ. ನಾವು ಟಿಕೆಟ್ ತೆಗೆದುಕೊಂಡೇ ಹೋದೆವು.

ಒಳಗಿನ ಕಥೆ ಸ್ಪೇನಿನ ಮುತ್ತಿಗೆಯಿಂದ ಶುರು ಮಾಡಿದರೆ ಸುಲಭ. 1572ರ ಡಿಸೆಂಬರಿನಿಂದ 1573ರ ಜುಲೈವರೆಗೆ, ಏಳು ತಿಂಗಳು ಸ್ಪೇನ್ ಸೈನ್ಯ ಈ ಊರನ್ನು ಸುತ್ತುವರಿದು ಕೂತಿತ್ತು. ಒಳಗೆ ಕಾಳು ಮುಗಿಯಿತು, ಊರು ಶರಣಾಯಿತು. ಊರನ್ನು ಕೊಳ್ಳೆ ಹೊಡೆಯದೆ ಬಿಡಲು 2,40,000 ಗಿಲ್ಡರ್ (ಆಗಿನ ಅಲ್ಲಿನ ದುಡ್ಡು) ದಂಡ ಕೇಳಿದರು. ಕಾವಲು ಸೈನಿಕರನ್ನು ಕೊಂದರು, ಕೆಲವರನ್ನು ಬೆನ್ನಿಗೆ ಬೆನ್ನು ಕಟ್ಟಿ ಸ್ಪಾರ್ನೆ ನದಿಗೆ ತಳ್ಳಿದರು. ಮೂರು ವರ್ಷ ಕಳೆಯುವಷ್ಟರಲ್ಲಿ, 1576ರಲ್ಲಿ, ಬೆಂಕಿ ಬಿದ್ದು ಐನೂರರ ಹತ್ತಿರ ಹತ್ತಿರ ಕಟ್ಟಡ ಸುಟ್ಟುಹೋದವು. ಇಷ್ಟೆಲ್ಲ ಆದ ಊರು ಐವತ್ತು ವರ್ಷದಲ್ಲಿ ಅಷ್ಟು ಸಿರಿವಂತ ಹೇಗಾಯಿತು?

ಉತ್ತರ ಬಟ್ಟೆಯಲ್ಲಿದೆ. 1585ರಲ್ಲಿ ತೆಂಕಣದ ಆಂಟ್‌ವರ್ಪ್ ಸ್ಪೇನಿನವರ ಕೈಗೆ ಬಿತ್ತು. ಅಲ್ಲಿನ ನೇಕಾರರು, ಬಣ್ಣದವರು, ವ್ಯಾಪಾರಿಗಳು ಉತ್ತರಕ್ಕೆ ಗುಳೆ ಹೊರಟರು. ಸುಟ್ಟ ಹಾರ್ಲೆಮ್‌ನಲ್ಲಿ ಜಾಗ ಇತ್ತು, ಒಳ್ಳೇ ನೀರಿತ್ತು, ಬರುವವರನ್ನು ಬೇಡ ಅನ್ನಲಿಲ್ಲ. ಹಾಗೆ ಬಂದ ಒಂದು ಕುಟುಂಬ ಹಾಲ್ಸ್‌ನದು. ಅಪ್ಪ ಬಟ್ಟೆ ಕೆಲಸದವನು. 1591ರ ಹೊತ್ತಿಗೆ ಅವರು ಹಾರ್ಲೆಮ್‌ನಲ್ಲಿದ್ದರು. ಇದನ್ನು ಓದಿದ ಮೇಲೆ ಆ ಚಿತ್ರಗಾರನ ಮೇಲೆ ನನಗೆ ಸಲಿಗೆ ಬಂತು. ಬಟ್ಟೆಯವನ ಮಗ ಬಟ್ಟೆಯನ್ನು ಹೇಗೆ ಬರೆದಿರುತ್ತಾನೆ ನೋಡೋಣ ಅಂತ.

ನೋಡಿದೆ. ಮಾರಾಯ್ರೆ, ಕಣ್ಣು ತಂಪಾಯಿತು.

ದೊಡ್ಡ ಕೋಣೆಯಲ್ಲಿ ಊರ ಕಾವಲು ಪಡೆಯ ಚಿತ್ರಗಳಿವೆ. ಹಾಲ್ಸ್ ಹಾರ್ಲೆಮ್‌ನ ಪಡೆಗಳಿಗೆ ಬರೆದ ಐದೂ ಇಲ್ಲಿವೆ. 1616ರದು ಮೊದಲನೆಯದು, 1627ರಲ್ಲಿ ಎರಡು, 1633, 1639. ಒಂದೊಂದೂ ಗೋಡೆಯಷ್ಟು. ಈ ಕಾವಲು ಪಡೆ ಅಂದರೆ ಸಿಪಾಯಿಗಳಲ್ಲ. ಊರ ದೊಡ್ಡ ಮನೆಯವರು, ವ್ಯಾಪಾರಸ್ಥರು. ಮೂರು ವರ್ಷ ಅಧಿಕಾರಿಯಾಗಿದ್ದು ಇಳಿಯುವಾಗ ಒಂದು ಔತಣ, ಒಂದು ಚಿತ್ರ. ಔತಣ ಎಷ್ಟು ದಿನ ಎಳೆಯುತ್ತಿತ್ತು ಅಂದರೆ, ಮೂರು, ಹೆಚ್ಚೆಂದರೆ ನಾಲ್ಕು ದಿನಕ್ಕಿಂತ ಜಾಸ್ತಿ ನಡೆಸಬಾರದು ಅಂತ 1621ರಲ್ಲಿ ನಗರಸಭೆ ಆದೇಶ ಹೊರಡಿಸಬೇಕಾಯಿತು. ನಮ್ಮಲ್ಲಿ ಮದುವೆ ಐದು ದಿನದಿಂದ ಒಂದು ದಿನಕ್ಕೆ ಇಳಿದದ್ದಕ್ಕೆ ಯಾರ ಆದೇಶವೂ ಬೇಕಾಗಲಿಲ್ಲ, ಹಾಲ್ ಬಾಡಿಗೆ ಸಾಕಾಯಿತು.

1616ರ ಚಿತ್ರದಲ್ಲಿ ಹನ್ನೆರಡು ಜನ ಮೇಜಿನ ಸುತ್ತ ಇದ್ದಾರೆ. ಎಲ್ಲರೂ ಮುಖ ನೋಡುತ್ತಾರೆ, ನಾನು ಮೊದಲು ನೋಡಿದ್ದು ಮೇಜಿನ ಹಾಸು. ಬಿಳಿ ಲಿನನ್, ಅಗಸೆ ನಾರಿನ ಬಟ್ಟೆ. ಮಡಿಸಿ ಒತ್ತಿಟ್ಟಿದ್ದನ್ನು ಆಗಷ್ಟೇ ಬಿಚ್ಚಿ ಹಾಸಿದ್ದಾರೆ, ಮಡಿಕೆಯ ಗೆರೆ ಚೌಕ ಚೌಕವಾಗಿ ನಿಂತಿದೆ. ಇದು ಗೊತ್ತಾಗಲು ಅಂಗಡಿಯಲ್ಲಿ ಕೂತಿರಬೇಕು. ಥಾನು ಬಿಚ್ಚಿ ಹಾಸುವಾಗ ಮಡಿಕೆ ಹೀಗೇ ಏಳುತ್ತದೆ.  ಮೇಜಿನ ಮೇಲೆ ಇರುವುದು ಊರಿನ ಸರಕೇ ಇರಬೇಕು ಅನ್ನಿಸಿತು. ಹಾರ್ಲೆಮ್‌ನವರು ಊರಿನ ಬಟ್ಟೆಯನ್ನೇ ಹಾಸಿಕೊಂಡು, ಊರಿನ ಬಟ್ಟೆಯನ್ನೇ ಕೊರಳಿಗೆ ಹಾಕಿಕೊಂಡು, ಚಿತ್ರ ಬರೆಸಿಕೊಂಡಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಶೋಕೇಸು.

ಕೊರಳಿನದನ್ನು ಬೇರೆಯಾಗೇ ಹೇಳಬೇಕು. ಗರಿಗರಿಯಾಗಿ ಗಂಜಿ ಹಾಕಿದ ಉರುಟು ಕಾಲರ್, ತಲೆ ತಟ್ಟೆಯ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಡಚ್ಚರು ಅದಕ್ಕೆ ಬೀಸುವ ಕಲ್ಲಿನ ಕಾಲರ್ ಅನ್ನುತ್ತಾರೆ, ಸರಿಯಾದ ಹೆಸರು. ಒಂದು ಕಾಲರಿಗೆ ಎಷ್ಟೋ ಗಜ ತೆಳು ಬಟ್ಟೆ ನೆರಿಗೆ ಹಿಡಿಯಬೇಕು, ಗಂಜಿ ಹಾಕಬೇಕು, ಬಿಸಿ ಕಬ್ಬಿಣದಲ್ಲಿ ಒಂದೊಂದೇ ನೆರಿಗೆ ನಿಲ್ಲಿಸಬೇಕು. ಇದನ್ನು ಹಾಕಿಕೊಂಡವನು ಭಾರ ಎತ್ತುವವನಲ್ಲ ಅನ್ನುವುದು ದೂರದಿಂದಲೇ ಗೊತ್ತಾಗಬೇಕು. ಅದಕ್ಕೇ ಅದು. ಗಂಜಿ ಪಂಚೆ ಉಟ್ಟು ಅಂಗಡಿಗೆ ಬರುವ ನಮ್ಮ ಭಾಗದ ಹಳೇ ಪಟೇಲರು ಕೂತರೆ ಮಡಿಕೆ ಮುರಿಯುತ್ತದೆ ಅಂತ ನಿಂತೇ ಮಾತಾಡುತ್ತಿದ್ದರು. 1616ರಿಂದ 1639ಕ್ಕೆ ಬರುವಷ್ಟರಲ್ಲಿ ಕಾಲರ್ ಕೆಳಗಿಳಿದು ಹೆಗಲ ಮೇಲೆ ಮಲಗುತ್ತದೆ, ಅಂಚಿಗೆ ಲೇಸು ಬರುತ್ತದೆ. ಐದೂ ಚಿತ್ರದ ಮುಂದೆ ಸಾಲಾಗಿ ನಡೆದರೆ ಫ್ಯಾಷನ್ ಬದಲಾದದ್ದು ಕಣ್ಣಿಗೇ ಕಾಣುತ್ತದೆ. ಕೆಂಪು, ಕಿತ್ತಳೆ, ನೀಲಿ ರೇಷ್ಮೆ ಪಟ್ಟಿಗಳನ್ನಂತೂ ಅವನು ನಾಲ್ಕೇ ಎಳೆತದಲ್ಲಿ ಮುಗಿಸಿದ್ದಾನೆ. ಹತ್ತಿರ ಹೋದರೆ ಬಣ್ಣದ ಗೀಚು, ಆರು ಹೆಜ್ಜೆ ಹಿಂದೆ ಬಂದರೆ ರೇಷ್ಮೆ.

ಹತ್ತಿರ ಹೋದದ್ದು ನನ್ನದೇ ತಪ್ಪು. ನೇಯ್ಗೆ ನೋಡುವ ಚಾಳಿ, ಮೂಗು ಚಿತ್ರಕ್ಕೆ ತಾಗುವಷ್ಟು ಬಗ್ಗಿದ್ದೆ. ಕಾವಲಿನ ಹೆಣ್ಣುಮಗಳು ಬಂದು ಬಹಳ ನಯವಾಗಿ ಹಿಂದೆ ಸರಿಯಿರಿ ಅಂದಳು. ನಾನು ಬಟ್ಟೆ ಅಂಗಡಿಯವನು ಅಂತ ಸೊಸೆಯ ಕೈಲಿ ಹೇಳಿಸಿದೆ. ಅವಳು ನಕ್ಕು, ಕರೆದುಕೊಂಡು ಹೋಗಿ ಕಪ್ಪು ಬಟ್ಟೆಯವರ ಮುಂದೆ ನಿಲ್ಲಿಸಿದಳು.

ಕಪ್ಪು ಅಂದರೆ ಒಂದೇ ಬಣ್ಣ ಅಂತ ತಿಳಿದವರು ಜವಳಿ ಅಂಗಡಿಯಲ್ಲಿ ಒಂದು ತಿಂಗಳು ಕೂರಬೇಕು. ಅಯ್ಯಪ್ಪ ಮಾಲೆಯ ಸೀಸನ್ನಿನಲ್ಲಿ ಕಪ್ಪು ಪಂಚೆಯ ರಾಶಿ ಬರುತ್ತದೆ. ಒಂದು ಎರಡೇ ನೀರಿಗೆ ಕಂದು ತಿರುಗುತ್ತದೆ, ಒಂದು ಹಸಿರು ಹೊಡೆಯುತ್ತದೆ, ಒಂದು ಮಂಡಲ ಪೂಜೆವರೆಗೂ ನಿಲ್ಲುತ್ತದೆ. ಗಿರಾಕಿ ಅದನ್ನು ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದು ನೋಡುವುದು ಸುಮ್ನೆ ಅಲ್ಲ. ಆ ಕಾಲದಲ್ಲೂ ಒಳ್ಳೇ ಕಪ್ಪು ದುಬಾರಿ. ಮೊದಲು ನೀಲಿ ಅದ್ದಬೇಕು, ಅದರ ಮೇಲೆ ಕೆಂಪೋ ಕಾಯಿಯ ಚೊಗರೋ ಏರಿಸಬೇಕು. ಬಡವನ ಕಪ್ಪು ಬೇಗ ಬಿಳಿಚುತ್ತದೆ. ಚಿತ್ರದಲ್ಲಿರುವ ಸಾದಾ ಕಪ್ಪು ಅಂಗಿಗಳು ಸಾದಾ ಅಲ್ಲವೇ ಅಲ್ಲ. ಹಾಲ್ಸ್‌ನ ಬಳಿ ಇಪ್ಪತ್ತೇಳು ಬಗೆಯ ಕಪ್ಪು ಇತ್ತು ಅಂತ ವಾನ್ ಗೋ 1885ರಲ್ಲಿ ತಮ್ಮನಿಗೆ ಬರೆದ ಕಾಗದದಲ್ಲಿ ಹೇಳಿದ್ದಾನೆ. ನಾನು ಹದಿನಾಲ್ಕರವರೆಗೆ ಎಣಿಸಿದೆ, ಅಷ್ಟರಲ್ಲಿ ಮನೆಯವಳಿಗೆ ಕಾಲು ನೋವು ಬಂತು. ಸ್ಯಾಟಿನ್ನಿನ ಕಪ್ಪು, ಉಣ್ಣೆಯ ಕಪ್ಪು, ಮಖಮಲ್ಲಿನ ಕಪ್ಪು, ಉಟ್ಟು ಹಳೆಯದಾದ ಕಪ್ಪು.

ಉಟ್ಟು ಹಳೆಯದಾದ ಕಪ್ಪು ಇರುವುದು ಕೊನೆಯ ಎರಡು ಚಿತ್ರಗಳಲ್ಲಿ. 1664ರದು. ಹಾಲ್ಸ್‌ಗೆ ಆಗ ಎಂಬತ್ತು ದಾಟಿತ್ತು. ವೃದ್ಧಾಶ್ರಮ ನಡೆಸುತ್ತಿದ್ದ ಐವರು ಗಂಡಸರು ಒಂದರಲ್ಲಿ, ನಾಲ್ವರು ಹೆಂಗಸರು ಇನ್ನೊಂದರಲ್ಲಿ, ಜೊತೆಗೆ ಒಬ್ಬೊಬ್ಬ ಆಳು. ರೇಷ್ಮೆ ಪಟ್ಟಿ ಇಲ್ಲ, ಔತಣ ಇಲ್ಲ. ಕತ್ತಲೆಯಲ್ಲಿ ಮುಖ, ಕೈ, ಕಾಲರ್ ಅಷ್ಟೇ. ಒಬ್ಬನ ಟೋಪಿ ವಾಲಿದೆ, ನೋಟ ಎಲ್ಲೋ. ಕುಡಿದಿದ್ದಾನೆ ಅಂತ ಬಹಳ ಕಾಲ ಹೇಳಿದರು, ಮುಖದ ಪಾರ್ಶ್ವವಾಯು ಇರಬಹುದು ಅಂತ ಈಗ ಕೆಲವರು ಹೇಳುತ್ತಾರೆ. ಹೆಂಗಸರ ಚಿತ್ರ ಇನ್ನೂ ಬಿಗಿ. ಅವರ ಮುಂದೆ ನಿಂತರೆ ಬಾಕಿ ಕೇಳಲು ಹೋದವನಿಗೂ ಮಾತು ಹೊರಡಲಿಕ್ಕಿಲ್ಲ.

ಬಾಕಿಯ ಮಾತು ಬಂತು ಅಂತ ಹೇಳುತ್ತೇನೆ. ಈ ಹಾಲ್ಸ್ ದೊಡ್ಡ ಉದ್ರಿಗಿರಾಕಿ. 1654ರಲ್ಲಿ ಬ್ರೆಡ್ ಅಂಗಡಿಯವನ ಸಾಲ ತೀರಿಸಲು ಆಗದೆ ಮೂರು ಹಾಸಿಗೆ, ದಿಂಬು, ಒಂದು ಕಪಾಟು, ಒಂದು ಮೇಜು, ಐದು ಚಿತ್ರ ಬಿಟ್ಟುಕೊಡಬೇಕಾಯಿತು. ಬ್ರೆಡ್ಡಿನವನು ಆ ಐದು ಚಿತ್ರ ಇಟ್ಟುಕೊಂಡಿದ್ದರೆ! ಅಷ್ಟು ಕಷ್ಟದವನು ಹಾಗಂತ ಕರೆದಲ್ಲಿಗೆ ಹೋಗುತ್ತಿರಲಿಲ್ಲ. 1633ರಲ್ಲಿ ಆಮ್‌ಸ್ಟರ್‌ಡಾಮ್‌ನ ಪಡೆಯೊಂದು ಚಿತ್ರ ಬರೆಯಲು ಹೇಳಿತು, ತಲೆಗೆ 60 ಗಿಲ್ಡರ್. ಅರ್ಧ ಬರೆದು, ನಾನು ಅಲ್ಲಿಗೆ ಬರುವುದಿಲ್ಲ, ನೀವೇ ಹಾರ್ಲೆಮ್‌ಗೆ ಬನ್ನಿ ಅಂದ. 66 ಕೊಡುತ್ತೇವೆ ಅಂದರೂ ಜಗ್ಗಲಿಲ್ಲ. ಕೊನೆಗೆ ಪೀಟರ್ ಕೊಡ್ಡೆ ಅನ್ನುವವನು ಅದನ್ನು ಮುಗಿಸಿದ. ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿಗೆ ಇಷ್ಟು ಹಟ. ಮುದುಕನಾದ ಮೇಲೆ ನಗರಸಭೆ ವರ್ಷಕ್ಕೆ 200 ಗಿಲ್ಡರ್ ಪಿಂಚಣಿ ಕೊಟ್ಟಿತು, ಚಳಿಗೆ ಉರಿಸಲು ಮೂರು ಗಾಡಿ ಪೀಟ್ ಮಣ್ಣು ಕೊಟ್ಟಿತು.

ಮ್ಯೂಸಿಯಂ ಇರುವ ಕಟ್ಟಡವೇ ಆ ವೃದ್ಧಾಶ್ರಮ. 1609ರಲ್ಲಿ ಶುರುವಾದ ಮುದುಕರ ಮನೆ. ನಡುವೆ ಅಂಗಳ, ಸುತ್ತ ಮೂವತ್ತು ಪುಟ್ಟ ಮನೆ, ಒಂದೊಂದರಲ್ಲಿ ಇಬ್ಬಿಬ್ಬರು. ವಯಸ್ಸು ಅರವತ್ತಾಗಿರಬೇಕು, ಒಂಟಿಯಾಗಿರಬೇಕು. ಬರುವಾಗ ಹಾಸಿಗೆ, ಕುರ್ಚಿ, ಮೂರು ಕಂಬಳಿ, ಆರು ಒಳ್ಳೆಯ ಅಂಗಿ, ಆರು ರಾತ್ರಿ ಟೋಪಿ ತರಬೇಕು. ನನಗೆ ಅರವತ್ತೇಳು. "ವಯಸ್ಸಿನ ಲೆಕ್ಕದಲ್ಲಿ ನನಗೆ ಸೀಟಿದೆ" ಅಂದೆ. "ಮೊದಲು ಆರು ಒಳ್ಳೆಯ ಅಂಗಿ ಇದೆಯಾ ನೋಡಿಕೊಳ್ಳಿ" ಅಂದಳು ಮನೆಯವಳು. ಬಟ್ಟೆ ಅಂಗಡಿಯವನ ಅಂಗಿ ಹೇಗಿರುತ್ತದೆ ಅಂತ ಬಟ್ಟೆ ಅಂಗಡಿಯವರ ಮನೆಯವರಿಗೆ ಗೊತ್ತು. ಹಾಲ್ಸ್ ಇಲ್ಲಿಯೇ ಮುದುಕನಾಗಿ ಇದ್ದ ಅಂತ ಒಂದು ಕಥೆ ಇದೆ, ಅದು ನಿಜವಲ್ಲ. ಆಮೇಲೆ ಇದು ಅನಾಥಾಲಯವಾಗಿ, 1913ರಲ್ಲಿ ಮ್ಯೂಸಿಯಂ ಆಯಿತು. ಅಂಗಳದಲ್ಲಿ ಕೂತರೆ ಊರಿನ ಸದ್ದು ಕೇಳುವುದಿಲ್ಲ.

ಇದೇ ಮ್ಯೂಸಿಯಂನಲ್ಲಿ ಹೆರಿಟ್ ಬೆರ್ಕ್‌ಹೇಡೆಯ ಚಿತ್ರವನ್ನೂ ಬಿಡಬೇಡಿ. ಇಗರ್ಜಿ ಮುಂದಿನ ಚೌಕವನ್ನೇ ಅವನು ಮತ್ತೆ ಮತ್ತೆ ಬರೆದ. ಚಿತ್ರ ನೋಡಿ ಹೊರಗೆ ಬಂದು ಚೌಕದಲ್ಲಿ ನಿಂತರೆ ಇಗರ್ಜಿ ಅಲ್ಲೇ ಇದೆ, ನಗರಸಭೆ ಅಲ್ಲೇ ಇದೆ, ಮಾಂಸದ ಮಾರ್ಕೆಟ್ ಕಟ್ಟಡ ಅಲ್ಲೇ ಇದೆ. ಮುನ್ನೂರು ವರ್ಷದಲ್ಲಿ ಜಾಸ್ತಿ ಬದಲಾದದ್ದು ಸೈಕಲ್ ಒಂದೇ ಅನ್ನಿಸಿತು. ಪಾಪ, 1698ರಲ್ಲಿ ಪಡಖಾನೆಯಿಂದ ಮನೆಗೆ ಹೋಗುತ್ತಾ ಕಾಲುವೆಗೆ ಬಿದ್ದು ಸತ್ತ.

ಇಷ್ಟಾದರೂ ಆ ಕಾಲರಿನ, ಮೇಜಿನ ಹಾಸಿನ ಬಿಳಿ ಹೇಗೆ ಬಂತು ಅನ್ನುವುದು ನನಗೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಹಾರ್ಲೆಮ್‌ನಲ್ಲಿ ಅಲ್ಲ, ಹೇಗ್‌ನಲ್ಲಿ. ರೈಲಿನಲ್ಲಿ ಮುಕ್ಕಾಲು ಗಂಟೆ. ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ ಎಲ್ಲರೂ ಮುತ್ತಿನ ಓಲೆಯ ಹುಡುಗಿಯ ಚಿತ್ರದ ಮುಂದೆ ಸಾಲು ನಿಲ್ಲುತ್ತಾರೆ. ನೀವು ಅದನ್ನು ನೋಡಿ, ಬೇಡ ಅನ್ನುವುದಿಲ್ಲ. ಆಮೇಲೆ ಯಾಕೋಬ್ ವಾನ್ ರಾಯ್ಸ್‌ಡಾಲ್‌ನ ಚಿತ್ರ ಹುಡುಕಿ. 1670ರ ಆಚೀಚೆ ಬರೆದದ್ದು. ಎರಡು ಅಡಿ ಅಗಲ ಇದ್ದರೆ ಹೆಚ್ಚು. ಮೂರರಲ್ಲಿ ಎರಡು ಪಾಲು ಮೋಡ. ದೂರದಲ್ಲಿ ಬೆರಳ ತುದಿಯಷ್ಟು ಹಾರ್ಲೆಮ್, ಅದರ ನಡುವೆ ಸೇಂಟ್ ಬಾವೊ. ಮುಂದೆ ಹಸಿರು ಬಯಲು. ಆ ಬಯಲಿನ ಮೇಲೆ ಉದ್ದುದ್ದ ಬಿಳಿ ಪಟ್ಟಿಗಳು, ಮೋಡದ ಸಂದಿಯಿಂದ ಬಿಸಿಲು ಸರಿಯಾಗಿ ಅವುಗಳ ಮೇಲೇ ಬಿದ್ದಿದೆ.

ಅದು ಬಟ್ಟೆ. ಕೋರಾ ಬಟ್ಟೆಯನ್ನು ಬಿಳಿ ಮಾಡಲು ಹಾಸಿದ್ದಾರೆ. ಲಿನನ್ ಮಗ್ಗದಿಂದ ಬರುವಾಗ ಒಣ ಹುಲ್ಲಿನ ಬಣ್ಣ. ಅದನ್ನು ಬೂದಿ ನೀರಿನಲ್ಲಿ ಕುದಿಸಿ, ತೊಳೆದು, ಹುಲ್ಲಿನ ಮೇಲೆ ಹಾಸಿ, ಒಣಗದ ಹಾಗೆ ನೀರು ಚಿಮುಕಿಸುತ್ತಾ ಬಿಸಿಲಿಗೆ ಬಿಡುತ್ತಿದ್ದರು. ಮತ್ತೆ ಬೂದಿ ನೀರು, ಮತ್ತೆ ಹುಲ್ಲು. ಹೀಗೆ ಎಷ್ಟೋ ಸಲ. ಆಮೇಲೆ ಹುಳಿ ಮಜ್ಜಿಗೆಯ ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಸುತ್ತಿದ್ದರು. ಬೂದಿಯ ಕ್ಷಾರವನ್ನು ಮಜ್ಜಿಗೆಯ ಹುಳಿ ಕಡಿಯುತ್ತದೆ. ಮತ್ತೆ ಸಾಬೂನು, ಮತ್ತೆ ತೊಳೆಯುವುದು, ಮತ್ತೆ ಬಿಸಿಲು. ಒಂದು ಥಾನು ಬಿಳಿಯಾಗಲು ತಿಂಗಳುಗಳೇ ಹಿಡಿಯುತ್ತಿದ್ದವು. ಚಳಿಗಾಲದಲ್ಲಿ ಕೆಲಸ ಬಂದ್. ಸಮುದ್ರದ ದಂಡೆಯ ಮರಳು ದಿಬ್ಬದಿಂದ ಬರುವ ತಿಳಿ ನೀರು ಹಾರ್ಲೆಮ್‌ಗೆ ಇತ್ತು, ಮಜ್ಜಿಗೆಗೆ ಸುತ್ತ ಹಸುಗಳಿದ್ದವು. ಬೇರೆ ದೇಶದಲ್ಲಿ ನೇಯ್ದ ಬಟ್ಟೆಯೂ ಬಿಳಿಯಾಗಲು ಇಲ್ಲಿಗೇ ಬರುತ್ತಿತ್ತು. ಬಂದು ಬಿಳಿಯಾಗಿ ಹಾಲೆಂಡ್ ಬಟ್ಟೆ ಅಂತ ಹೆಸರು ಹೊತ್ತು ಹೋಗುತ್ತಿತ್ತು. 18ನೇ ಶತಮಾನದ ಕೊನೆಯಲ್ಲಿ ಕ್ಲೋರಿನ್ ಬಂದ ಮೇಲೆ ಹುಲ್ಲು, ಮಜ್ಜಿಗೆ ಎರಡಕ್ಕೂ ಕೆಲಸ ಹೋಯಿತು.

"ಅಷ್ಟು ಮಜ್ಜಿಗೆ!" ಅಂದಳು ಮನೆಯವಳು. "ಇಡೀ ಸೀಮೆಗೆ ತಂಬುಳಿ ಆಗ್ತಿತ್ತು."

ನಾನು ಆ ಚಿತ್ರದ ಮುಂದೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಲಾಂಗ್‌ಕ್ಲಾತ್, ಮಲ್ಲು, ಮಂಜರಪಾಟ ಎಲ್ಲ ಮಾರಿದ್ದೇನೆ. ಕೋರಾ ಯಾವುದು, ಬಿಳಿ ಮಾಡಿದ ಧೋಪಾ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತೇನೆ. ಆದರೆ ಬಿಳಿ ಮಾಡುವುದಕ್ಕೆ ಒಂದು ಊರಿಗೆ ಊರೇ ಬಯಲಾಗಿ ಮಲಗಿದ್ದನ್ನು ಯಾರೂ ತೋರಿಸಿರಲಿಲ್ಲ. ಹಾಲ್ಸ್‌ನ ಜನರ ಕೊರಳಿನ ಬಿಳಿ ಇಲ್ಲಿಂದ ಬಂದದ್ದು. ಮೊದಲು ಇದನ್ನು ನೋಡಿ ಆಮೇಲೆ ಹಾರ್ಲೆಮ್‌ಗೆ ಹೋಗಿದ್ದರೆ ಇನ್ನೂ ಚೆನ್ನಾಗಿತ್ತು. ನೀವು ಹಾಗೆ ಮಾಡಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಫ್ರಾನ್ಸ್ ಹಾಲ್ಸ್ ಮ್ಯೂಸಿಯಂನ ಎದುರಿಗೇ ಊರ ಚರಿತ್ರೆಯ ಸಣ್ಣ ಮ್ಯೂಸಿಯಂ ಇದೆ, ಮೊದಲು ಮ್ಯೂಸಿಯಂ ಹಾರ್ಲೆಮ್ ಅಂತಿತ್ತು, ಈಗ ವೆರ್ವೇ ಮ್ಯೂಸಿಯಂ ಹಾರ್ಲೆಮ್, ಒಂದು ಗಂಟೆ ಸಾಕು. ಸ್ಪಾರ್ನೆ ದಂಡೆಯ ಟೇಲರ್ಸ್ ಮ್ಯೂಸಿಯಂ 1784ರದು, ದೇಶದಲ್ಲೇ ಹಳೆಯದು. ಅದು ಯಾರ ಆಸ್ತಿಯಿಂದ ಆಯಿತೋ ಆ ಪೀಟರ್ ಟೇಲರ್ ರೇಷ್ಮೆ ವ್ಯಾಪಾರಿ, ಲೇವಾದೇವಿಯವನು. ಮತ್ತೆ ಬಟ್ಟೆ, ನೋಡಿ. ಮೊಟ್ಟೆಯಾಕಾರದ ಒಂದು ಕೋಣೆ ಇದೆ, ಮೇಲಿನ ಕಿಟಕಿಯಿಂದ ಬೆಳಕು ಬೀಳುತ್ತದೆ. ಕಲ್ಲು, ಪಳೆಯುಳಿಕೆ, ಹಳೇ ವಿದ್ಯುತ್ ಯಂತ್ರ ಎಲ್ಲ ಇವೆ. ಮಳೆಯ ಮಧ್ಯಾಹ್ನ ಹೋದರೆ ಕತ್ತಲೆ, ಬಿಸಿಲಿರುವಾಗ ಹೋಗಿ. ಮೈಕೆಲೆಂಜಲೋನ ರೇಖಾಚಿತ್ರಗಳು ಅವರ ಸಂಗ್ರಹದಲ್ಲಿವೆ.

ಬರಹದ ಫಲಕಗಳು ಡಚ್ ಜೊತೆಗೆ ಇಂಗ್ಲಿಷಿನಲ್ಲೂ ಇರುತ್ತವೆ. ಚೀಲ ಲಾಕರಿನಲ್ಲಿ ಇಡಬೇಕು. ಊರ ರಸ್ತೆಯೆಲ್ಲ ಇಟ್ಟಿಗೆ ಹಾಸು, ಚಪ್ಪಲಿ ಬೇಡ, ಬೂಟು ಹಾಕಿ. ತಿನ್ನುವುದಕ್ಕೆ ಮಾತ್ರ ಬುತ್ತಿ ಒಯ್ಯಿರಿ. ಒಂದು ಕಡೆ, ಹೆಸರು ಬೇಡ, ಸೂಪು ಅಂತ ಬಿಸಿ ನೀರಿಗೆ ಉಪ್ಪು ಹಾಕಿ ಕೊಟ್ಟರು, ಅದರ ದುಡ್ಡಿನಲ್ಲಿ ಕುಮಟಾದಲ್ಲಿ ನಾಲ್ಕು ಜನ ಊಟ ಮಾಡಬಹುದು. ನಾವು ಆಮೇಲಿಂದ ಅವಲಕ್ಕಿ ಕಟ್ಟಿಕೊಂಡು ಹೋದೆವು. ಶನಿವಾರ ಇಗರ್ಜಿ ಮುಂದೆ ಸಂತೆ ಇರುತ್ತದೆ. ಅಲ್ಲಿ ಹಸಿ ಹೆರಿಂಗ್ ಮೀನು ಕೊಡುತ್ತಾರೆ, ಉಪ್ಪು ಹಾಕಿಟ್ಟದ್ದು, ಮೇಲೆ ಹೆಚ್ಚಿದ ಈರುಳ್ಳಿ. ಬೇಯಿಸುವುದೂ ಇಲ್ಲ, ಹುರಿಯುವುದೂ ಇಲ್ಲ. ಬಾಲ ಹಿಡಿದು ಬಾಯಿಗೆ ಇಳಿಸುವುದು. ಮನೆಯವಳು ಒಂದು ತುಂಡು ತಿಂದು, "ತಾರ್ಲೆಯ ಅಕ್ಕನ ಹಾಗಿದೆ, ಸ್ವಲ್ಪ ಮಸಾಲೆ ಇದ್ದಿದ್ರೆ" ಅಂದಳು. ನಾನು ಮುಟ್ಟಲಿಲ್ಲ.

ಒಂದು ಹೊಟ್ಟೆಕಿಚ್ಚು ನನ್ನ ಜೊತೆಗೇ ವಾಪಸ್ ಬಂತು. ಕುಮಟಾ ಕೂಡ ಒಂದು ಕಾಲಕ್ಕೆ ಬಟ್ಟೆಯ ಊರಲ್ಲದಿದ್ದರೂ ಹತ್ತಿಯ ಊರು. ಹುಬ್ಬಳ್ಳಿ, ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿಗೆ ಬಂದು ಮುಂಬೈಗೆ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ ಕುಮಟಾ ಹತ್ತಿ. ಹಾಲೆಂಡ್ ಬಟ್ಟೆಯ ಹಾಗೇ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1860ರ ದಶಕದಲ್ಲಿ, ಹತ್ತಿಗೆ ಚಿನ್ನದ ರೇಟು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ವ್ಯಾಪಾರ ಇತ್ತು. ಆ ಹತ್ತಿ ಪೇಟೆಯ ದಲಾಲಿಯ ಮುಖ ಹೇಗಿತ್ತು? ಅವನ ಪೇಟ, ಅವನ ಅಂಗಿ? ನಮ್ಮ ಕಡೆ ಗೋಡೆಗಳಿಗೆ ಕಾವಿ ಚಿತ್ರ ಇತ್ತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಕೊರೆದು, ಬಿಳಿ ಹೊರಗೆ ತೆಗೆಯುವ ಕೆಲಸ. ದೇವರು, ಬಳ್ಳಿ, ಆನೆ ಎಲ್ಲ ಇದ್ದಾವೆ. ದಲಾಲಿ ಇಲ್ಲ. ಅದೂ ಈಗ ಎಷ್ಟೋ ದೇವಸ್ಥಾನಗಳಲ್ಲಿ ಟೈಲ್ಸಿನ ಹಿಂದೆ ಹೋಗಿದೆ.

ಮೌರಿಟ್ಸ್‌ಹೌಸ್‌ನ ಅಂಗಡಿಯಲ್ಲಿ ರಾಯ್ಸ್‌ಡಾಲ್ ಚಿತ್ರದ ಒಂದು ಕಾರ್ಡು ತೆಗೆದುಕೊಂಡಿದ್ದೆ. ಚೌಕಟ್ಟು ಹಾಕಿಸಿ ಗಲ್ಲೆಯ ಮೇಲೆ, ಲಕ್ಷ್ಮಿ ಫೋಟೋದ ಪಕ್ಕ ನೇತು ಹಾಕಿದೆ. ಅಣ್ಣನ ಮಗನಿಗೆ ಮಜ್ಜಿಗೆಯ ಕಥೆಯನ್ನೆಲ್ಲ ಹೇಳಿದೆ. ಹೂಂ ಅಂದ, ಫೋನು ನೋಡಿದ. ಹೋದ ವಾರ ಗೋಕರ್ಣದ ಕಡೆಯ ಒಬ್ಬ ಅಜ್ಜಿ ಮೊಮ್ಮಗಳಿಗೆ ಪರಕಾರದ ಬಟ್ಟೆ ತೆಗೆದುಕೊಳ್ಳಲು ಬಂದಿದ್ದರು. ನಾನು ಬಟ್ಟೆ ಹರಿಯುವಷ್ಟರಲ್ಲಿ ಕನ್ನಡಕ ಏರಿಸಿಕೊಂಡು ಚಿತ್ರವನ್ನೇ ನೋಡಿದರು.

"ತಮಾ, ಇದು ನಮ್ಮ ಸಾಣಿಕಟ್ಟೆ ಉಪ್ಪಿನ ಆಗರ ಅಲ್ವಾ? ಆ ದೇವಸ್ಥಾನ ಯಾವಾಗ ಕಟ್ಟಿದ್ರು?"

ಅಣ್ಣನ ಮಗ ಫೋನು ಕೆಳಗಿಟ್ಟು, ಅಜ್ಜಿಗೆ ಕುರ್ಚಿ ಎಳೆದು ಕೊಟ್ಟು, "ಅಲ್ಲ ಅಜ್ಜಿ, ಅದು ಬಟ್ಟೆ" ಅಂತ ಶುರು ಮಾಡಿದ.